ಹಾಡದ ಎರಡು ಸಾಲು

ಜನವರಿ 12, ಭಾನುವಾರ

ಸತ್ತವರ ಮನೆಯಲ್ಲಿ ಒಲೆ ಹಚ್ಚಬಾರದು ಎಂದು ಕಲಿತು ಬೆಳೆದವನು ನಾನು. ಪಕ್ಕದ ಮನೆಯಲ್ಲಿ ಮೂರು ದಿನದಿಂದ ಕೆಟಲ್ ಆರಿಲ್ಲ.

ಫ್ರಾನ್ಸಿ ಡೆವನಿ ಗುರುವಾರ ತೀರಿಕೊಂಡರು. ಶುಕ್ರವಾರ ಇಡೀ ದಿನ ಅವರನ್ನು ಮುಂದಿನ ಕೋಣೆಯಲ್ಲಿ, ಸ್ಟೇಜಿಗೆ ಹಾಕುತ್ತಿದ್ದ ನೀಲಿ ಸೂಟಿನಲ್ಲೇ ಮಲಗಿಸಿದ್ದರು. ಬಂದವರೆಲ್ಲ ಸಾಲಾಗಿ ಹೋಗಿ ಅವರ ಕೈ ಮುಟ್ಟಿ, ಹೆಂಡತಿ ಬ್ರೀಡಾರ ಕೈ ಕುಲುಕಿ, 'ಸಾರಿ ಫಾರ್ ಯುವರ್ ಟ್ರಬಲ್' ಎಂಬ ಒಂದೇ ಮಾತು ಹೇಳಿ, ನೇರ ಅಡುಗೆಮನೆಗೆ ಹೋಗಿ ಸ್ಯಾಂಡ್‌ವಿಚ್ ತಿಂದರು. ಅಲ್ಲಿ ಹಳೆಯ ಕಥೆ, ತಮಾಷೆ, ನಗು. ನಾನು ಒಂದು ಟೀ ಕುಡಿದು ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಮತ್ತೆ ಕರೆದರು, ಹೋದೆ, ಬಂದು ಮತ್ತೆ ಸ್ನಾನ ಮಾಡಿದೆ. ಒಂದೇ ದಿನ ಮೂರು ಸಲ. ಈಗ ನೆಗಡಿ ಹಿಡಿದು ಕೂತಿದ್ದೇನೆ. ಮಾಡಿದ್ದುಣ್ಣೋ ಮಹರಾಯ.

ಐವತ್ತು ವರ್ಷ ಈ ಸುತ್ತಿನ ಹಳ್ಳಿ ಹಾಲ್‌ಗಳಲ್ಲಿ ಕಂಟ್ರಿ ಹಾಡು ಹಾಡಿದ ಮನುಷ್ಯ. ದೊಡ್ಡ ಹೆಸರೇನಲ್ಲ. ಆದರೆ ಅತ್ಲೋನ್ ಪಟ್ಟಣದ ಆಸುಪಾಸಿನಲ್ಲಿ ಅರುವತ್ತು ದಾಟಿದ ಯಾರನ್ನೇ ಕೇಳಿ, ಫ್ರಾನ್ಸಿ ಹಾಡಿಗೆ ಒಂದಾದರೂ ಸಲ ಕುಣಿದಿರುತ್ತಾರೆ.

ನಮ್ಮ ಎರಡು ಮನೆಗೂ ನಡುವೆ ಒಂದೇ ಗೋಡೆ. ಬಂದ ಹೊಸತರಲ್ಲಿ ಅವರ ಗಿಟಾರಿನ ಸದ್ದು ತಡೆಯಲಾರದೆ ನಾನು ಗೋಡೆ ಗುದ್ದಿದ್ದೆ. ಮಾರನೆಯ ದಿನ ನನ್ನ ಹೆಂಡತಿ ಅನಸೂಯಾ ನನ್ನ ಪರವಾಗಿ ಕ್ಷಮೆ ಕೇಳಲು ಒಂದು ಡಬ್ಬ ಕೋಡುಬಳೆ ತೆಗೆದುಕೊಂಡು ಹೋದಳು. ಹೋದವಳು ಎರಡು ಗಂಟೆ ಬರಲಿಲ್ಲ. ಅಂದಿನಿಂದ ಆ ಮನೆಗೆ ಅವಳು ಮಗಳು, ನಾನು ಗೋಡೆ ಗುದ್ದಿದ ಅಳಿಯ.

ಅವಳು ಹೋಗಿ ಮಾರ್ಚ್‌ಗೆ ನಾಲ್ಕು ವರ್ಷ. ಡೈರಿ ಬರೆಯುವುದನ್ನೂ ಅಂದೇ ಬಿಟ್ಟಿದ್ದೆ. ಇವತ್ತು ಯಾಕೆ ಶುರುಮಾಡಿದೆನೋ ಗೊತ್ತಿಲ್ಲ. ನೆಗಡಿ ಬಂದವನಿಗೆ ಬೇರೆ ಕೆಲಸವಿಲ್ಲ.

ಜನವರಿ 15, ಬುಧವಾರ

ಬ್ರೀಡಾ ಬಂದಿದ್ದರು, ಗಂಡನ ಕಂದು ಕಾರ್ಡಿಗನ್ ಹಾಕಿಕೊಂಡು. ಎಪ್ಪತ್ತೊಂದರ ಹೆಂಗಸು, ಒಂದು ವಾರದಲ್ಲಿ ಇನ್ನಷ್ಟು ಗಿಡ್ಡ ಆದ ಹಾಗೆ ಕಂಡರು.

"ಹೇಮ್, ನಿನ್ನ ಹತ್ರ ಅವನ ಹಾಡು ಎಷ್ಟಿದೆ?"

"ಹತ್ತು."

"ಪೂರ್ತಿ?"

"ಒಂಬತ್ತೂ ಮುಕ್ಕಾಲು."

(ಬ್ರೀಡಾರ ಇಂಗ್ಲಿಷನ್ನು ಕನ್ನಡದಲ್ಲಿ ಬರೆಯುವಾಗ ಗಂಡನ ವಿಷಯಕ್ಕೆ 'ಅವನು' ಎಂದೇ ಬರುತ್ತದೆ. 'ಅವರು' ಎಂದು ಬರೆದರೆ ಆಕೆಯೇ ನಕ್ಕುಬಿಟ್ಟಾರು.)

ನನ್ನ ಕೆಲಸ ಯಂತ್ರಕ್ಕೆ ಮಾತು ಕಲಿಸುವುದು. ಮೇಲಿನ ಸಣ್ಣ ಕೋಣೆಯಲ್ಲಿ ಒಳ್ಳೆಯ ಮೈಕ್ ಇದೆ, ಗೋಡೆಗೆ ಸದ್ದು ಹೀರುವ ಸ್ಪಂಜು ಹಚ್ಚಿದ್ದೇನೆ. ಶ್ವಾಸಕೋಶ ಕೈಕೊಟ್ಟ ಮೇಲೆ ಫ್ರಾನ್ಸಿಗೆ ಸ್ಟುಡಿಯೋವರೆಗೆ ಹೋಗುವ ತ್ರಾಣ ಇರಲಿಲ್ಲ. ಆಗಸ್ಟ್‌ನಿಂದ ನವೆಂಬರ್‌ವರೆಗೆ ವಾರಕ್ಕೆರಡು ಬೆಳಿಗ್ಗೆ ನಮ್ಮ ಹದಿಮೂರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಹತ್ತಿದ ಮೇಲೆ ಇಪ್ಪತ್ತು ನಿಮಿಷ ಸುಮ್ಮನೆ ಕೂರುವುದು, ಆಮೇಲೆ ಒಂದು ಹಾಡು. ಬರೀ ದನಿ ಮತ್ತು ಗಿಟಾರು. ಕೊನೆಯ ಆಲ್ಬಮ್ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹತ್ತನೆಯ ಹಾಡು ಅವರದೇ ಹೊಸ ರಚನೆ, ಬ್ರೀಡಾಗಾಗಿ. ಹಾಲ್‌ನಲ್ಲಿ ಕಾರ್ಯಕ್ರಮ ಮುಗಿಸಿ ಒಬ್ಬನೇ ಕಾರಿನಲ್ಲಿ ಮನೆಗೆ ಬರುವವನ ಹಾಡು. ಕಿಲ್‌ಬೆಗನ್ ದಾಟಿದೆ, ಹಾರ್ಸ್‌ಲೀಪ್ ದಾಟಿದೆ ಎಂದು ಊರು ಎಣಿಸುತ್ತಾ ಬರುತ್ತಾನೆ. ಕೊನೆಯ ಎರಡು ಸಾಲು ಅವರ ಕೈಬರಹದಲ್ಲಿದೆ: 'ಮೋಟ್ ದಾಟಿದೆ, ಇನ್ನು ಹತ್ತೇ ಮೈಲಿ. ಗೇಟು ತೆರೆದಿಟ್ಟು ನೀನು ಮಲಗಿಬಿಡು.' ಅಲ್ಲಿಗೆ ಬರುವಾಗ ದನಿ ನಿಂತಿತು. ಗಿಟಾರು ನಿಲ್ಲಲಿಲ್ಲ, ಬೆರಳುಗಳೇ ಹಾಡನ್ನು ಮುಗಿಸಿದವು. 'ಅದೆರಡು ಸಾಲು ನಾಳೆ ಹಾಕೋಣ' ಎಂದು ಇಳಿದು ಹೋದರು. ಮಾರನೆಯ ದಿನ ಆಸ್ಪತ್ರೆಗೆ ಸೇರಿದವರು ಮತ್ತೆ ಮೆಟ್ಟಿಲು ಹತ್ತಲಿಲ್ಲ.

ಸಿ.ಡಿ. ಮಾಡುವ ಒಂದು ಸಣ್ಣ ಕಂಪನಿ ಆಲ್ಬಮ್ ಕೇಳಿದೆಯಂತೆ. ಅದಕ್ಕೂ ಮೊದಲು ಫೆಬ್ರವರಿಯಲ್ಲಿ 'ಮಂತ್ಸ್ ಮೈಂಡ್', ಅಂದರೆ ತಿಂಗಳಿಗೆ ಚರ್ಚಿನಲ್ಲಿ ಮಾಡುವ ಪೂಜೆ. ನಮ್ಮ ಮಾಸಿಕವೇ ಸರಿ. ಅಲ್ಲಿ ಆ ಹತ್ತನೆಯ ಹಾಡನ್ನು ಹಾಕಿಸಬೇಕು ಎಂದು ಬ್ರೀಡಾರ ಆಸೆ.

"ಇನ್ನೊಂದ್ಸಲ ಹಾಡಿದ್ದು ಎಲ್ಲಾದ್ರೂ ಇದ್ದೀತು, ಹುಡುಕು ಹೇಮ್. ಅವನು ಯಾವ ಹಾಡನ್ನೂ ಒಂದೇ ಸಲ ಹಾಡಿ ಬಿಟ್ಟೋನಲ್ಲ."

ನೋಡುತ್ತೇನೆ ಎಂದೆ.

ಜನವರಿ 18, ಶನಿವಾರ

ಎಲ್ಲ ಫೈಲು ಜಾಲಾಡಿದೆ. ಕೆಮ್ಮು ಇದೆ, ನಗು ಇದೆ, ಬಿಸ್ಕತ್ತು ಕಡಿದ ಸದ್ದಿದೆ, ನನ್ನ ಬೋಳು ತಲೆಯ ಬಗ್ಗೆ ಒಂದು ಪೋಲಿ ಪದ್ಯವೂ ಇದೆ. ಆ ಎರಡು ಸಾಲು ಮಾತ್ರ ಇಲ್ಲ.

ಆದರೆ ಒಂಬತ್ತು ಹಾಡಿನಷ್ಟು ದನಿ ಇದೆ. ಕಾಯಿಲೆಯಿಂದ ದನಿ ಕಳೆದುಕೊಳ್ಳಲಿದ್ದ ಒಬ್ಬ ಮೇಷ್ಟರಿಗೆ ಹೋದ ವರ್ಷ ಇದಕ್ಕಿಂತ ಕಡಿಮೆಯಲ್ಲಿ ಹೊಸ ದನಿ ಮಾಡಿಕೊಟ್ಟಿದ್ದೆವು. ಪದ ಫ್ರಾನ್ಸಿಯದೇ, ರಾಗ ಫ್ರಾನ್ಸಿಯದೇ, ದನಿಯೂ ಅವರದೇ. ನಾನು ಮಾಡುವುದು ಹರಿದ ಸೀರೆಗೆ ರಫು ಹಾಕಿದಷ್ಟು ಕೆಲಸ. ಅದರಲ್ಲೇನು ತಪ್ಪು?

ಮಗಳು ಅರ್ಪಿತಾ ಕಾಲೇಜಿನ ಊರು ಮೇನೂತ್‌ನಿಂದ ಫೋನ್ ಮಾಡಿದ್ದಳು. ಎರಡು ನಿಮಿಷ. ಓದು ಹೇಗಿದೆ ಎಂದೆ. "ಗ್ರ್ಯಾಂಡ್, ಅಪ್ಪ." ಊಟ? "ಗ್ರ್ಯಾಂಡ್." ನೀವು ಹೇಗಿದೀರ ಎಂದಳು. 'ಚೆನ್ನಾಗಿದೆ' ಎನ್ನಲು ಇಲ್ಲಿ ಅದೇ ಮಾತು, ನಾನೂ ಗ್ರ್ಯಾಂಡ್ ಎಂದೆ. ಇಪ್ಪತ್ತು ವರ್ಷದ ಮಗಳ ಜೊತೆ ಮಾತಾಡಲು ಇನ್ನೇನಿರುತ್ತದೆ.

ಜನವರಿ 25, ಶನಿವಾರ

ನಿನ್ನೆ ಬಿರುಗಾಳಿ. ಎದುರು ಮನೆಯ ಬೇಲಿ ನಮ್ಮ ಅಂಗಳಕ್ಕೆ ಬಂದು ಬಿದ್ದಿದೆ. ನಿನ್ನೆ ಬೆಳಗಿನಿಂದ ಕರೆಂಟ್ ಇಲ್ಲ, ನಮ್ಮ ಮನೆಯಲ್ಲಿ ಎಲ್ಲವೂ ಕರೆಂಟಿನ ಒಲೆ. ಬ್ರೀಡಾರ ಅಡುಗೆಮನೆಯಲ್ಲಿ ಟರ್ಫ್ ಎಂಬ ಒಣಗಿಸಿದ ಜೌಗುಮಣ್ಣು ಉರಿಸುವ ಹಳೆಯ ಕಬ್ಬಿಣದ ಒಲೆ ಇದೆ. ರವೆ, ಸಾಸಿವೆ, ಹಸಿಮೆಣಸಿನಕಾಯಿ ಹಿಡಿದುಕೊಂಡು ಹೋದೆ. ಅವರ ಬಾಣಲೆಯಲ್ಲಿ ಉಪ್ಪಿಟ್ಟು ಮಾಡಿದೆ, ಸ್ವಲ್ಪ ಸೀದಿತು.

"ಅನಸೂಯಾ ಮಾಡಿದಷ್ಟು ಚೆನ್ನಾಗಿಲ್ಲ" ಎಂದರು ಬ್ರೀಡಾ, ಎರಡನೆಯ ಸಲ ಹಾಕಿಸಿಕೊಳ್ಳುತ್ತಾ.

"ಅವಳು ಕಲಿಸಲೇ ಇಲ್ಲ."

"ನೀನು ಕಲೀಲಿಲ್ಲ ಅನ್ನು."

ಸಂಜೆಯವರೆಗೆ ಅಲ್ಲೇ ಕೂತಿದ್ದೆ. ಮನೆಗೆ ಬಂದರೆ ಚಳಿ.

ಜನವರಿ 30, ಗುರುವಾರ

ಸಾಲುಗಳು ಸಿದ್ಧವಾದವು. ನಾಲ್ಕು ದಿನ ಬೆಳಿಗ್ಗೆ ಎರಡೆರಡು ಗಂಟೆ ಕೂತಿದ್ದೆ. ಫ್ರಾನ್ಸಿ ಪ್ರತಿ ಸಾಲಿನ ಮೊದಲು ಮೂಗಿನಿಂದ ಉಸಿರೆಳೆಯುತ್ತಿದ್ದರು, ಅದನ್ನೂ ಇಟ್ಟೆ. ಹೆಗ್ಗಳಿಕೆಗೆ ಹೇಳುತ್ತಿಲ್ಲ, ನನ್ನ ಕಿವಿಗೇ ವ್ಯತ್ಯಾಸ ಗೊತ್ತಾಗಲಿಲ್ಲ.

ಮಧ್ಯಾಹ್ನ ಬ್ರೀಡಾರನ್ನು ಕರೆದೆ. ಫ್ರಾನ್ಸಿ ಕೂರುತ್ತಿದ್ದ ಕುರ್ಚಿಯಲ್ಲೇ ಕೂತರು.

"ಸಿಕ್ತಾ?"

ಹೇಗೆ ಮಾಡಿದೆ ಎಂದು ವಿವರಿಸಲು ಮೂರು ವಾಕ್ಯ ತಯಾರು ಮಾಡಿಟ್ಟುಕೊಂಡಿದ್ದೆ. ಅವರ ಮುಖ ನೋಡಿದೆ.

"ಸಿಕ್ತು" ಎಂದೆ.

ಹಾಡು ಸುಮ್ಮನೆ ಕೇಳಿದರು. 'ಮೋಟ್ ದಾಟಿದೆ' ಎಂದಾಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. 'ಗೇಟು ತೆರೆದಿಟ್ಟು' ಎಂಬಲ್ಲಿ ಅಳು ಬಂತು. ಆಸ್ಪತ್ರೆಯಲ್ಲೂ, ಮಣ್ಣು ಮಾಡುವಾಗಲೂ ಅಳದಿದ್ದ ಹೆಂಗಸು. ಎದ್ದು ನನ್ನ ಹಣೆಗೆ ಮುತ್ತು ಕೊಟ್ಟು, "ಇಡೀ ಆಲ್ಬಮ್‌ನಲ್ಲಿ ಅವನು ಅವನ ಹಾಗೇ ಇರೋದು ಇದೊಂದೇ ಜಾಗ" ಎಂದರು.

ಫೋನಿಗೆ ಹಾಕಿಕೊಟ್ಟೆ. ಹೊತ್ತುಕೊಂಡು ಹೋದರು.

ಸಂತೋಷವಾಗಬೇಕಿತ್ತು.

ಫೆಬ್ರವರಿ 8, ಶನಿವಾರ

ಇವತ್ತು ತಿಂಗಳ ಪೂಜೆ. ಚರ್ಚು ತುಂಬಿತ್ತು. ಫಾದರ್ ಎರಡು ಮಾತಾಡಿ, ಫ್ರಾನ್ಸಿಯ ಕೊನೆಯ ಹಾಡು ಎಂದು ಹೇಳಿ ಸ್ಪೀಕರ್ ಹಾಕಿಸಿದರು. ನಾನು ಮೂರನೆಯ ಬೆಂಚಿನಲ್ಲಿದ್ದೆ. ಮುಂದಿನ ಸಾಲಿನಲ್ಲಿ ಫ್ರಾನ್ಸಿಯ ಅಕ್ಕ, ಎಂಬತ್ತೆರಡು ವರ್ಷ, ಕಣ್ಣು ಕಾಣುವುದಿಲ್ಲ. ಆ ಎರಡು ಸಾಲು ಬಂದಾಗ ಆಕೆ ತಲೆ ಎತ್ತಿ, ದನಿ ಬಂದ ಕಡೆಗೆ ತಿರುಗಿ, 'ಓ ಫ್ರಾನ್ಸಿ' ಎಂದರು, ಬಾಗಿಲಲ್ಲಿ ಬಂದು ನಿಂತವನನ್ನು ಮಾತಾಡಿಸುವ ಹಾಗೆ.

ಹೊರಗೆ ಬಂದ ಮೇಲೆ ಯಾರೋ ನನ್ನ ಬೆನ್ನು ತಟ್ಟಿ 'ನೀನೇನಾ ಇದನ್ನ ಮಾಡಿದ್ದು?' ಎಂದರು. ರೆಕಾರ್ಡ್ ಮಾಡಿದ್ದು ನೀನೇನಾ ಎಂದು ಕೇಳಿದ್ದು, ಪಾಪ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ನಾನು ಬೆವೆತೆ.

ಫೆಬ್ರವರಿ 9, ಭಾನುವಾರ

ಏನೂ ಬರೆಯುವುದಿಲ್ಲ.

ಫೆಬ್ರವರಿ 17, ಸೋಮವಾರ

ಗೋಡೆಯಾಚೆ ಪ್ರತಿ ಬೆಳಿಗ್ಗೆ ಆ ಹಾಡು. ಪೂರ್ತಿ ಹಾಡಲ್ಲ, ಕೊನೆಯ ಎರಡು ಸಾಲು ಮಾತ್ರ. ನಿಲ್ಲಿಸಿ ಮತ್ತೆ ಹಾಕುತ್ತಾರೆ. ಇವತ್ತು ಒಂಬತ್ತು ಸಲ.

ಗೋಡೆ ಗುದ್ದುವ ಹಾಗಿಲ್ಲ. ಬಿಸಿ ತುಪ್ಪ, ಉಗುಳಲೂ ಆಗದು, ನುಂಗಲೂ ಆಗದು.

ಫೆಬ್ರವರಿ 22, ಶನಿವಾರ

ಇದನ್ನು ಯಾರಿಗೂ ತೋರಿಸುವುದಿಲ್ಲ, ಹಾಗಾಗಿ ನಿಜ ಬರೆಯುತ್ತೇನೆ.

ನನ್ನ ಹಳೆಯ ಫೋನಿನಲ್ಲಿ ಅನಸೂಯಾ ಕಳಿಸಿದ ನಲವತ್ತೊಂದು ವಾಯ್ಸ್ ಮೆಸೇಜ್ ಇವೆ. ನಾಲ್ಕು ವರ್ಷದಿಂದ ತೆರೆದಿರಲಿಲ್ಲ. ಇವತ್ತು ತಿಂಡಿ ತಿಂದ ಮೇಲೆ ಅಷ್ಟನ್ನೂ ಕಂಪ್ಯೂಟರಿಗೆ ಹಾಕಿದೆ. ಪ್ರೋಗ್ರಾಂ ಹೇಗೂ ತಯಾರಿತ್ತು, ಪರೀಕ್ಷೆ ಮಾಡಿ ನೋಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಪರೀಕ್ಷೆಯಂತೆ ಪರೀಕ್ಷೆ.

ಅವಳು ಬೆನ್ನು ನೋವು ಎಂದಾಗ ಬಿಸಿನೀರಿನ ಚೀಲ ತುಂಬಿಸಿಕೊಟ್ಟು ಆಫೀಸಿಗೆ ಹೋದವನು ನಾನು. ಒಂದು ದಿನವಲ್ಲ, ಮೂರು ತಿಂಗಳು. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಅದು ಬರೀ ಬೆನ್ನಿನ ಕಾಯಿಲೆಯಾಗಿ ಉಳಿದಿರಲಿಲ್ಲ. ಅದರ ಬಗ್ಗೆ ಅವಳು ಕೊನೆಯವರೆಗೂ ಒಂದು ಮಾತೂ ಆಡಲಿಲ್ಲ. ನಾನೂ ಕೇಳಲಿಲ್ಲ.

ಟೈಪ್ ಮಾಡಿದೆ: 'ನಿಮ್ಮ ಮೇಲೆ ನನಗೇನೂ ಬೇಜಾರಿಲ್ಲ ರೀ.'

ಅವಳದೇ ದನಿ. 'ರೀ'ಯನ್ನು ಸ್ವಲ್ಪ ಎಳೆಯುವುದೂ ಹಾಗೆಯೇ. ಒಂದು ಗಳಿಗೆ ಎದೆಯ ಮೇಲಿನ ಕಲ್ಲು ಎತ್ತಿದ ಹಾಗಾಯಿತು. ಅದನ್ನೂ ಬರೆಯಬೇಕು, ಬರೆಯದಿದ್ದರೆ ಸುಳ್ಳಾಗುತ್ತದೆ. ಮತ್ತೆ ಹಾಕಿದೆ. ಮೂರನೆಯ ಸಲ ಹಾಕುವಾಗ ಗೊತ್ತಾಯಿತು, ಗೋಡೆಯಾಚೆ ಬ್ರೀಡಾ ಮಾಡುತ್ತಿರುವುದನ್ನೇ ಈಚೆ ನಾನು ಮಾಡುತ್ತಿದ್ದೇನೆ.

ಅವಳಿಗೆ ಬೇಜಾರಿತ್ತೋ ಇಲ್ಲವೋ. ಇದ್ದರೆ ಅದು ಅವಳ ಬೇಜಾರು. ಹೇಳದೆ ಹೋಗಿದ್ದು ಅವಳ ಇಷ್ಟ. ಅವಳ ಬಾಯಿಗೆ ನಾನು ಮಾತು ತುರುಕಿದೆ, ಅದೂ ನನಗೆ ಬೇಕಾದ ಮಾತು. ನನಗೆ ನಾಚಿಕೆಯಾಯಿತು. ಆಮೇಲೆ ಅಳು ಬಂತು, ಬಹಳ ಹೊತ್ತು.

ಎಲ್ಲ ಅಳಿಸಿದೆ. ನಲವತ್ತೊಂದು ಮೆಸೇಜ್ ಮಾತ್ರ ಇಟ್ಟಿದ್ದೇನೆ.

ಫೆಬ್ರವರಿ 23, ಭಾನುವಾರ

ಅರ್ಪಿತಾಗೆ ನಾನೇ ಫೋನ್ ಮಾಡಿದೆ. ಏನೋ ಆಗಿದೆ ಎಂದು ಗಾಬರಿಯಾದಳು, ಪಾಪ. ಬ್ರೀಡಾ ವಿಷಯ ಹೇಳಿದೆ. ಆಮೇಲೆ ಅಮ್ಮನ ದನಿಯ ವಿಷಯವನ್ನೂ ಹೇಳಿದೆ.

"ಅಪ್ಪ, ಯೂ ಹ್ಯಾವ್ ಟು ಟೆಲ್ ಹರ್."

"ಆಲ್ಬಮ್ಮೇ ಬೇಡ ಅಂದ್ಬಿಟ್ರೆ?"

"ಟೆಲ್ ಹರ್ ಎನಿವೇ." ಆಮೇಲೆ, ಎಷ್ಟೋ ವರ್ಷದ ಮೇಲೆ, ಅವಳ ಬಾಯಿಂದ ತೊದಲು ತೊದಲು ಕನ್ನಡ: "ಅಮ್ಮಂದು ನಿಜದ್ದು... ಒಂದು ಕೇಳಿಸ್ತೀರಾ?"

ಕೈಗೆ ಸಿಕ್ಕಿದ್ದನ್ನು ಹಾಕಿದೆ. 'ರೀ, ಮೊಸರು ತರುವಾಗ ನೀಲಿ ಮುಚ್ಚಳದ್ದೇ ತನ್ನಿ. ಹೋದ್ಸಲ ತಂದಿದ್ರಲ್ಲ, ಅದು ಮೊಸರಲ್ಲ, ಸುಣ್ಣದ ನೀರು. ನೋಡಿ ತಗೊಳ್ಳಿ, ಕಣ್ಣಿದೆ ತಾನೆ?' ಹನ್ನೊಂದು ಸೆಕೆಂಡು ಬೈಗುಳ.

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಇನ್ನೊಂದು ಎಂದಳು. ನಲವತ್ತೊಂದೂ ಕೇಳಿದೆವು. ಫೋನ್ ಇಟ್ಟಾಗ ಒಂದು ಗಂಟೆ ಇಪ್ಪತ್ತು ನಿಮಿಷ ಆಗಿತ್ತು.

ಫೆಬ್ರವರಿ 24, ಸೋಮವಾರ

ಹೇಳಿದೆ.

ಬ್ರೀಡಾ ಸಿಂಕಿನ ಹತ್ತಿರ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ನಾನು ನಿಂತೇ ಹೇಳಿದೆ. ಇನ್ನೊಂದು ಸಲ ಹಾಡಿದ್ದು ಸಿಗಲಿಲ್ಲ, ಆ ಎರಡು ಸಾಲು ಫ್ರಾನ್ಸಿ ಹಾಡಿದ್ದಲ್ಲ, ಅವರ ದನಿ ಇಟ್ಟುಕೊಂಡು ನಾನು ಯಂತ್ರದಲ್ಲಿ ಮಾಡಿದ್ದು. ಸಿಕ್ಕಿತು ಎಂದು ಸುಳ್ಳು ಹೇಳಿದೆ.

ಅವರ ಕೈ ನಿಲ್ಲಲಿಲ್ಲ.

"ಚರ್ಚಲ್ಲಿ ಹಾಕ್ಸಿದ್ನಲ್ಲ ನಾನು ಅದನ್ನ."

"ಹೌದು."

"ಅವನ ಅಕ್ಕ 'ಓ ಫ್ರಾನ್ಸಿ' ಅಂದ್ಳು."

"ಹೌದು, ಕೇಳಿಸ್ಕೊಂಡೆ."

"ನೀನು ನನ್ನ ಹಿಂದೇನೇ ಕೂತಿದ್ದೆ."

ಕೈಯಲ್ಲಿದ್ದ ಆಲೂಗಡ್ಡೆ ಮುಗಿಸಿ, ನೀರಿಗೆ ಹಾಕಿ, ಕೈ ಒರೆಸಿಕೊಂಡು, ನನ್ನ ಕಡೆ ನೋಡದೆಯೇ, "ಮನೆಗೆ ಹೋಗು ಹೇಮ್" ಎಂದರು.

ಮಾರ್ಚ್ 1, ಶನಿವಾರ

ಗೋಡೆಯಾಚೆ ಯಾವ ಸದ್ದೂ ಇಲ್ಲ. ಕಂಪನಿಯವನಿಗೆ ಫೋನ್ ಮಾಡಿ, ಬ್ರೀಡಾ ಹೇಳುವವರೆಗೆ ಏನೂ ಮುದ್ರಿಸಬೇಡಿ ಎಂದೆ. ತಿಂಗಳ ಮಧ್ಯದೊಳಗೆ ತೀರ್ಮಾನ ಆಗದಿದ್ದರೆ ಈ ವರ್ಷ ಆಗುವುದಿಲ್ಲ ಎಂದ.

ನನ್ನಿಂದ ಒಬ್ಬ ಮನುಷ್ಯನ ಕೊನೆಯ ಆಲ್ಬಮ್ ನಿಂತುಹೋಗುತ್ತದೆ. ಬೇರೆ ಏನನ್ನೂ ಯೋಚಿಸಲಾಗುತ್ತಿಲ್ಲ.

ಮಾರ್ಚ್ 5, ಬುಧವಾರ

ಕಸದ ದಿನ. ಬ್ರೀಡಾರ ಬಿನ್ ರಸ್ತೆಗೆ ಬಂದಿರಲಿಲ್ಲ. ನಾನೇ ಎಳೆದುಕೊಂಡು ಹೋಗಿ ಇಟ್ಟೆ. ಸಂಜೆ ಆಫೀಸಿನಿಂದ ಬಂದರೆ ಎರಡೂ ಮನೆಯ ಬಿನ್ ಒಳಗೆ ಬಂದಿವೆ. ನನ್ನದನ್ನು ತಿರುಗಾಮುರುಗಾ ನಿಲ್ಲಿಸಿದ್ದಾರೆ. ಆದರೂ ತಂದಿದ್ದಾರೆ.

ಮಾರ್ಚ್ 9, ಭಾನುವಾರ

ಹನ್ನೊಂದು ಗಂಟೆಗೆ ಬೆಲ್. ಬಾಗಿಲಲ್ಲಿ ಬ್ರೀಡಾ.

"ನಿನ್ನ ಮೇಲೆ ಸಿಟ್ಟಿಲ್ಲ ಅಂತ ಹೇಳೋಕೆ ಬಂದಿಲ್ಲ. ಸಿಟ್ಟಿದೆ. ಇರುತ್ತೆ, ಸ್ವಲ್ಪ ದಿನ."

"ಇರಲಿ" ಎಂದೆ. ಸಿಟ್ಟಿದೆ ಎಂದು ಒಬ್ಬರು ಎದುರಿಗೆ ನಿಂತು ಹೇಳಿದರೆ ಇಷ್ಟು ಸಮಾಧಾನವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

"ಅವನು ನಿಲ್ಲಿಸಿದ್ದನ್ನ ಕೇಳ್ಬೇಕು. ನಿಂದಲ್ಲ, ಅವನದು."

ಮೆಟ್ಟಿಲು ಹತ್ತಿದರು. ನಾನು ಒಂದೂ ಸದ್ದು ಅಳಿಸದ ಮೂಲ ಫೈಲು ಹಾಕಿದೆ. ಕುರ್ಚಿ ಕಿರುಗುಟ್ಟುತ್ತದೆ, ಹಾಡು ಬರುತ್ತದೆ, ದನಿ ಅಲ್ಲಲ್ಲಿ ಒಡೆಯುತ್ತದೆ, ಹಾರ್ಸ್‌ಲೀಪ್ ದಾಟುತ್ತದೆ. ಆಮೇಲೆ ಬರೀ ಗಿಟಾರು, ಎರಡು ಸಾಲಿನಷ್ಟು. ಕೊನೆಗೆ 'ನಾಳೆ ಹಾಕೋಣ, ಹೇಮ್.'

ಒಂದೇ ಸಲ ಕೇಳಿದರು.

"ನೀನು ಮಾಡಿದ್ರಲ್ಲಿ ಅವನ ದನಿಗೆ ನಲವತ್ತರ ವಯಸ್ಸು. ಅದಕ್ಕೇ ನಂಗೆ ಅಷ್ಟು ಹಿಡಿಸ್ತು ಅನ್ಸುತ್ತೆ. ನಾನೂ ಮೋಸ ಹೋಗೋಕೆ ತಯಾರಾಗೇ ಇದ್ದೆ."

ಮಾತಿಗೆ ಏನಾದರೂ ಹೇಳಬೇಕೆಂದು, ಆ ಸಾಲುಗಳು ಮನಸ್ಸಿಗೆ ಭಾರವಾಗಿ ಅವರೇ ಬಿಟ್ಟಿರಬಹುದೇನೋ ಎಂದೆ. ಬ್ರೀಡಾ ನನ್ನನ್ನು ಬೆಪ್ಪನನ್ನು ನೋಡುವ ಹಾಗೆ ನೋಡಿದರು.

"ಉಸಿರು ಸಾಲ್ಲಿಲ್ಲ, ಅಷ್ಟೇ. ಕಾಯಿಲೆ ಮನುಷ್ಯ. ಕಾಯಿಲೆ ಮನುಷ್ಯ ಹಾಡಿದ್ದು ಅಂತ ಜನಕ್ಕೆ ಗೊತ್ತಾಗ್ಲಿ, ನಾಚ್ಕೊಳೋದೇನಿದೆ ಅದ್ರಲ್ಲಿ?"

ನನ್ನ ಫೋನಿನಿಂದಲೇ ಕಂಪನಿಯವನಿಗೆ ಮಾತಾಡಿದರು. ಆತ ಸ್ಪೀಕರಿನಲ್ಲಿ, ಯಂತ್ರದ ಸಾಲುಗಳನ್ನೇ ಇಟ್ಟುಕೊಳ್ಳಿ, ಎಷ್ಟು ಚೆನ್ನಾಗಿದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದ.

"ನಂಗೆ ಗೊತ್ತಾಗುತ್ತಲ್ಲಪ್ಪ" ಎಂದರು ಬ್ರೀಡಾ.

ನಿಲ್ಲಿಸಿದ್ದು ನಿಲ್ಲಿಸಿದ ಹಾಗೆಯೇ ಹೋಗಬೇಕು, ಹಿಂದಿನ ಕವರಿನಲ್ಲಿ 'ಕೊನೆಯ ಎರಡು ಸಾಲು ಹಾಡಿಲ್ಲ' ಎಂದು ಅಚ್ಚಾಗಬೇಕು. ಫಾದರ್‌ಗೆ ತಾನೇ ಹೇಳುತ್ತಾರಂತೆ. ಫ್ರಾನ್ಸಿಯ ಅಕ್ಕನಿಗೆ ಹೇಳುವುದು ನನ್ನ ಪಾಲಿಗೆ.

ಮಾರ್ಚ್ 11, ಮಂಗಳವಾರ

ಅಕ್ಕನ ಮನೆಗೆ ಹೋಗಿ ಹೇಳಿ ಬಂದೆ. ಎರಡು ಸಲ ಹೇಳಬೇಕಾಯಿತು. ಆಕೆ ನನ್ನ ಮುಖವನ್ನು ಕೈಯಿಂದ ಮುಟ್ಟಿ ನೋಡಿ, "ನೀನು ತುಂಬಾ ಬಡಕಲು" ಎಂದು ಎರಡು ಸ್ಕೋನ್ ಬನ್ನು ತಿನ್ನಿಸಿದರು. ಬೈಯುತ್ತಾರೆ ಎಂದುಕೊಂಡು ಹೋಗಿದ್ದೆ.

ಮಾರ್ಚ್ 19, ಬುಧವಾರ

ಅನಸೂಯಾಳ ತಿಥಿ. 'ಬೆಳಿಗ್ಗೆ ಬಂದ್ಬಿಡ್ತೀನಿ' ಎಂದಿದ್ದ ಅರ್ಪಿತಾ ನಿನ್ನೆಯೇ ರೈಲು ಹತ್ತಿ ಬಂದಿದ್ದಳು. ಬ್ರೀಡಾ ಮೇಣದಬತ್ತಿ ತಂದರು. ವಡೆ ಕಲ್ಲಾಗಿತ್ತು, ಮೂವರೂ ತಿಂದೆವು.

ಏಪ್ರಿಲ್ 27, ಭಾನುವಾರ

ಆಲ್ಬಮ್ ಬಿಡುಗಡೆ. ಫ್ರಾನ್ಸಿ ಮೊಟ್ಟಮೊದಲು ಹಾಡಿದ್ದ ಹಳ್ಳಿಯ ಹಾಲ್‌ನಲ್ಲಿ, ಮಧ್ಯಾಹ್ನ ಮೂರಕ್ಕೆ. ಇಲ್ಲಿ ಬಿಡುಗಡೆ ಎಂದರೆ ಭಾಷಣವಲ್ಲ, ಕುಣಿತ. ಇನ್ನೂರು ಜನ ಇದ್ದರು, ಹೆಚ್ಚಿನವರಿಗೆ ಮಂಡಿ ನೋವು, ಆದರೂ ಒಬ್ಬರೂ ಕೂರುವುದಿಲ್ಲ. ಅರ್ಪಿತಾ ಮೇನೂತ್‌ನಿಂದ ಗೆಳತಿಯೊಬ್ಬಳನ್ನು ಕರೆತಂದಿದ್ದಳು. ಅಜ್ಜಂದಿರು ಸರದಿಯಲ್ಲಿ ಇಬ್ಬರನ್ನೂ ಕುಣಿಸಿದರು. ನಾನು ಗೋಡೆಗೆ ಒರಗಿ, ಟೀ ಕಪ್ಪು ಹಿಡಿದು, ಅದನ್ನೇ ಕಾವಲು ಕಾಯುವವನ ಹಾಗೆ ನಿಂತಿದ್ದೆ.

ಬ್ರೀಡಾ ಬಾಗಿಲಲ್ಲಿ ಕೂತು ಒಳಗೆ ಬರುವವರ ಕೈಗೆ ಸೀಲು ಹೊಡೆಯುತ್ತಿದ್ದರು. ಇವತ್ತಾದರೂ ಒಳಗೆ ಬನ್ನಿ ಎಂದರೆ, ಇದು ನನ್ನ ಕೆಲಸ ಎಂದರು.

ಬ್ಯಾಂಡಿನವರು ನಾಲ್ಕೂವರೆಗೆ ಕೆಳಗಿಳಿದು, ಸಿ.ಡಿ. ಹಾಕಿದರು. ಒಂದೊಂದೇ ಹಾಡು ಹೋಯಿತು. ಒಂಬತ್ತು ಮುಗಿದಾಗ ಬ್ರೀಡಾ ಸೀಲನ್ನು ಪಕ್ಕದವರ ಕೈಗೆ ಕೊಟ್ಟು, ಹಾಲ್‌ನ ನಡುವಿನಿಂದ ನಡೆದುಕೊಂಡು ನೇರ ನನ್ನ ಹತ್ತಿರ ಬಂದರು. ಜನ ದಾರಿ ಬಿಟ್ಟರು.

"ಕಪ್ಪು ಕೆಳಗಿಡು. ಬಾ."

"ನನಗೆ ಬರಲ್ಲ ಬ್ರೀಡಾ."

"ನಂಗೂ ಬರಲ್ಲ. ಯಾವಾಗ ಕಲೀಲಿ? ಅವನು ಸ್ಟೇಜ್ ಮೇಲೆ, ನಾನು ಬಾಗಿಲಲ್ಲಿ. ಲೋಕವೆಲ್ಲ ನನ್ನ ಗಂಡನ ಹಾಡಿಗೆ ಕುಣೀತು, ನಾನೊಬ್ಳು ಬಿಟ್ಟು."

ವಾಲ್ಟ್ಜ್ ಎಂದರೆ ಒಂದು ಎರಡು ಮೂರು ಎಂದು ಅರ್ಪಿತಾ ದೂರದಿಂದ ಬೆರಳು ತೋರಿಸಿದಳು. ನಾನು ಬ್ರೀಡಾರ ಕಾಲು ತುಳಿದೆ, ಅವರು ನನ್ನ ಕಾಲು ತುಳಿದರು. ಕಿಲ್‌ಬೆಗನ್ ಹೋಯಿತು. ಹಾರ್ಸ್‌ಲೀಪ್ ಹೋಯಿತು. ಆ ಜಾಗ ಹತ್ತಿರ ಬಂದಂತೆ ನಾನು ಸುತ್ತಲಿನ ಮುಖಗಳನ್ನು ನೋಡಿದೆ. ಈ ಇನ್ನೂರು ಜನರಲ್ಲಿ ಮುಕ್ಕಾಲು ಪಾಲು ಅಂದು ಚರ್ಚಿನಲ್ಲಿದ್ದವರು.

ದನಿ ನಿಂತಿತು. ಗಿಟಾರು ಮಾತ್ರ ಉಳಿಯಿತು. ಯಾರೂ ಕುಣಿತ ನಿಲ್ಲಿಸಲಿಲ್ಲ. ಮರದ ನೆಲದ ಮೇಲೆ ಇನ್ನೂರು ಜೋಡಿ ಬೂಟುಗಳು ಒಟ್ಟಿಗೆ ಸರಿಯುವ ಸದ್ದು, ಅಷ್ಟೇ.

ಬ್ರೀಡಾ ತಲೆ ಎತ್ತಿ ಖಾಲಿ ಸ್ಟೇಜಿನ ಕಡೆ ನೋಡಿದರು.

"ನಿಂಗೆ ಹೇಳ್ತೀನಿ ಕೇಳು, ಹೇಮ್. ಹಾಡ್ತಿರುವಾಗ ಅವನು ಕುಣಿಯೋರನ್ನೇ ನೋಡ್ತಿದ್ದ, ಅದು ಅವನ ಕೆಲಸ. ಬರೀ ಗಿಟಾರು ಬರ್ತಿತ್ತಲ್ಲ, ಬಾಯಿಗೆ ಬಿಡುವು, ಆವಾಗ ಬಾಗಿಲ ಕಡೆ ನೋಡ್ತಿದ್ದ. ಪ್ರತಿ ಹಾಡಲ್ಲೂ. ನಲವತ್ತು ವರ್ಷ."

ನಾನೂ ಬಾಗಿಲ ಕಡೆ ನೋಡಿದೆ.

"ಇದು ನನ್ನ ಜಾಗ" ಎಂದರು ಬ್ರೀಡಾ. "ನೀನು ಇಲ್ಲೇ ತುಂಬ್ಸೋಕೆ ಹೋಗಿದ್ದೆ."

ಅಷ್ಟು ಹೇಳಿ ಕಣ್ಣು ಮುಚ್ಚಿ ತಲೆಯನ್ನು ನನ್ನ ಭುಜಕ್ಕೆ ಇಟ್ಟರು. ಗಿಟಾರು ಎರಡು ಸಾಲು ಮುಗಿಸುವವರೆಗೆ ನಾವಿಬ್ಬರೂ ಹೆಜ್ಜೆ ತಪ್ಪಲಿಲ್ಲ.